ದ್ರಾಕ್ಷಾಯಣಮ್ಮನ ಆಟಿಕೆ ಪುಸ್ತಕ

ಎಸ್.ಎಸ್. ಬಡಾವಣೆಯ ನಮ್ಮ ಸಾಲಿನಲ್ಲಿ ದ್ರಾಕ್ಷಾಯಣಮ್ಮನ ಹೆಸರು ಬಂದಾಗಲೆಲ್ಲ ಹೆಂಗಸರು ಒಂದು ‘ಪಾಪ’ ಸೇರಿಸಿಯೇ ಮಾತು ಮುಂದುವರಿಸುತ್ತಿದ್ದರು. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಐವತ್ತು ದಾಟಿದರೂ ನೆಟ್ಟಗೆ ನಡೆಯುವ, ಚೌಕಾಸಿಗೆ ನಿಂತರೆ ಅಂಗಡಿಯವನೇ ಕೈಮುಗಿಯುವಂಥ ಹೆಂಗಸು ಅವರು. ಪಕ್ಕದ ಮನೆಯಲ್ಲೇ ಇದ್ದ ನನಗೆ ಅವರಲ್ಲಿ ಪಾಪ ಅನ್ನುವಂಥದ್ದು ಏನೂ ಕಂಡಿರಲಿಲ್ಲ.

ಜನರ ಲೆಕ್ಕಾಚಾರ ಬಹಳ ಸುಲಭದ್ದು. ದ್ರಾಕ್ಷಾಯಣಮ್ಮನಿಗೆ ಮಕ್ಕಳಿರಲಿಲ್ಲ, ಮನೆ ತುಂಬ ಹಳೆಯ ಆಟಿಕೆಗಳಿದ್ದವು. ಇವೆರಡನ್ನೂ ಗಂಟು ಹಾಕಿ ಒಂದು ಕಥೆ ಕಟ್ಟಿಕೊಂಡಿದ್ದರು. ಎದುರುಮನೆಯ ಕಮಲಕ್ಕನಂತೂ ಮನೆಗೆ ಬಂದವರಿಗೆಲ್ಲ ಚಹದ ಜೊತೆಗೆ ಆ ಕಥೆಯನ್ನೂ ಕೊಡುತ್ತಿದ್ದಳು. “ಒಂದು ಮಗು ಆಗಿದ್ರೆ ಹಿಂಗೆ ಗೊಂಬೆ ಇಟ್ಕೊಂಡು ಕುಂದ್ರುತಿದ್ಲಾ, ನೀವೇ ಹೇಳ್ರಿ,” ಅನ್ನುವಳು. ಬಂದವರೂ ತಲೆ ಅಲ್ಲಾಡಿಸಿ, ಹೋಗುವಾಗ ದ್ರಾಕ್ಷಾಯಣಮ್ಮನ ಕಿಟಕಿಯತ್ತ ಒಂದು ಕನಿಕರದ ನೋಟ ಎಸೆದು ಹೋಗುತ್ತಿದ್ದರು.

ನಿಜ ಸಂಗತಿ ಬೇರೆ. ಅವರ ಗಂಡನಿಗೆ ಮಂಡಿಪೇಟೆಯಲ್ಲಿ ಆಟಿಕೆ, ಬಳೆ, ಜಡೆಯ ಟೇಪು, ಬಾಚಣಿಗೆಗಳ ಅಂಗಡಿ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಕೀಲಿ ಕೊಟ್ಟರೂ ಓಡದ ಒಂದು ತಗಡಿನ ಬಸ್ಸನ್ನು ಗಂಡ ಮನೆಗೆ ತಂದು ಮೂಲೆಗೆ ಒಗೆದಿದ್ದ. ಹೊಸ ಸೊಸೆ ಅಡುಗೆ ಮನೆಯ ಚಾಕುವಿನಿಂದ ಅದರ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ಸರಿಮಾಡಿ, ಪಡಸಾಲೆಯಲ್ಲಿ ಓಡಿಸಿದಳು. ಅತ್ತೆ ಹಣೆ ಚಚ್ಚಿಕೊಂಡರಂತೆ. ಗಂಡ ಮರುದಿನವೇ ಕೆಟ್ಟು ನಿಂತ ಒಂದು ಬುಟ್ಟಿ ಆಟಿಕೆ ತಂದು ಮುಂದಿಟ್ಟನಂತೆ. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ.

ಗಂಡ ತೀರಿಕೊಂಡ ಮೇಲೆ ಅಂಗಡಿ ಮೈದುನ ಹಾಲೇಶಪ್ಪನ ಕೈಗೆ ಬಂತು. ಪ್ಲಾಸ್ಟಿಕ್ಕಿನ ಕಾಲ. ಹಳೆಯ ತಗಡಿನ ಮಾಲನ್ನು ಅವನು ಗುಜರಿಗೆ ಹಾಕಲು ಹೊರಟಾಗ ದ್ರಾಕ್ಷಾಯಣಮ್ಮ ಅಷ್ಟನ್ನೂ ಮನೆಗೆ ತರಿಸಿಕೊಂಡರು. ಆಮೇಲೆ ಲೋಕಿಕೆರೆ, ಹರಿಹರ ಅಂತ ಸುತ್ತಿ ನೆಂಟರಿಷ್ಟರ ಅಟ್ಟಗಳನ್ನೆಲ್ಲ ಜಾಲಾಡಿದರು. ಡೋಲು ಬಾರಿಸುವ ಕೋತಿ, ಮರದ ಕುದುರೆ, ಒತ್ತಿದರೆ ಕಣ್ಣು ಮುಚ್ಚುವ ಗೊಂಬೆ. ಬರುಬರುತ್ತಾ ಇಂಥವನ್ನು ಕೂಡಿಡುವ ಬೇರೆ ಜನರೂ ಅವರಿಗೆ ಪತ್ರ ಬರೆಯತೊಡಗಿದರು. ಇದು ಅಸಲಿಯೋ ನಕಲಿಯೋ, ತುಕ್ಕು ಹೆಂಗೆ ತಡೆಯೋದು, ಎಂದೆಲ್ಲ. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಗಿ, ಒಂದು ಪುಸ್ತಕವನ್ನೇ ಬರೆದುಬಿಡುತ್ತೇನೆ ಎಂದು ಕೂತರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ತಿದ್ದುವಂಥದ್ದು ಹೆಚ್ಚೇನೂ ಇರಲಿಲ್ಲ. ಆಟಿಕೆಯನ್ನು ಎಲ್ಲಿ ಹಿಡಿದು ನೋಡಬೇಕು, ತಗಡಿನ ಬೆಸುಗೆ ಏನು ಹೇಳುತ್ತದೆ, ಹಳೆಯ ಗೊಂಬೆಯನ್ನು ಬಿಸಿಲಿಗೆ ಯಾಕೆ ಇಡಬಾರದು, ಎಲ್ಲವೂ ಮಾತಾಡಿದಷ್ಟೇ ಸಲೀಸಾಗಿತ್ತು. ಮೊದಲ ಅಧ್ಯಾಯದ ಮೊದಲ ಸಾಲೇ ಹೀಗಿತ್ತು: “ಏನು ಬೇಕಾದರೂ ಮಾಡಿ, ಹಳೆಯ ಆಟಿಕೆಗೆ ಹೊಸ ಬಣ್ಣ ಮಾತ್ರ ಹಚ್ಚಬೇಡಿ.” ಬೆಂಗಳೂರಿನ ಒಬ್ಬ ಪ್ರಕಾಶಕರು ಓದಿ ಮೆಚ್ಚಿ, ಬಣ್ಣದ ಫೋಟೊಗಳ ಸಮೇತ ಅಚ್ಚು ಹಾಕಲು ಒಪ್ಪಿದರು. ಅದು ತೊಂಬತ್ತೆಂಟನೆಯ ಇಸವಿ. ದ್ರಾಕ್ಷಾಯಣಮ್ಮ ಆ ದಿನ ಸಾಲಿನ ಅಷ್ಟೂ ಮನೆಗೆ ಪೇಡ ಹಂಚಿದರು, ಕಮಲಕ್ಕನ ಮನೆಗೂ.

ಪ್ರಕಾಶಕರ ಕಡೆಯ ಸಂಪಾದಕ, ಶ್ರೀನಿವಾಸ ಅಂತ, ಫೋಟೊ ತೆಗೆಯುವವನನ್ನು ಕರೆದುಕೊಂಡು ದಸರೆ ಮುಗಿದ ಕೂಡಲೇ ಬರುವುದೆಂದು ಗೊತ್ತಾಯಿತು. ಹಬ್ಬಕ್ಕೆ ದ್ರಾಕ್ಷಾಯಣಮ್ಮ ತವರಾದ ಲೋಕಿಕೆರೆಗೆ ಹೋದರು. ಹೋಗುವಾಗ ಬೀಗದ ಕೈ ಹಾಲೇಶಪ್ಪನಿಗೆ ಕೊಟ್ಟು, “ಮನೆ ಕಡೆ ಒಂದು ಕಣ್ಣಿಟ್ಟಿರಪ್ಪ,” ಅಂದರು.

ಹಾಲೇಶಪ್ಪ ಕೆಟ್ಟವನಲ್ಲ. ಅವನಿಗೆ ಅತ್ತಿಗೆ ಎಂದರೆ ಭಯ, ಭಕ್ತಿ ಎರಡೂ. ನಮ್ಮ ಕಡೆ ಆಯುಧಪೂಜೆ ಎಂದರೆ ಬರೀ ಹೂವು, ಕುಂಕುಮಕ್ಕೆ ಮುಗಿಯುವುದಿಲ್ಲ. ಕಬ್ಬಿಣದ್ದು, ತಗಡಿನದ್ದು ಏನಿದ್ದರೂ ಉಜ್ಜಿ, ತೊಳೆದು, ಬಣ್ಣ ಕಾಣಿಸಿ, ವಿಭೂತಿ ಪಟ್ಟೆ ಎಳೆಯಬೇಕು. ಅಂಗಡಿಯ ಶಟರು, ತಕ್ಕಡಿ, ಸೈಕಲ್ಲು ಎಲ್ಲ ಮುಗಿಸಿದ ಹಾಲೇಶಪ್ಪನ ಬಳಿ ಇನ್ನೂ ಬಣ್ಣ ಉಳಿದಿತ್ತು. ಊರಂಚಿನ ಕರೂರಿನ ಕಾರ್ಖಾನೆಯಲ್ಲಿದ್ದ ಗೆಳೆಯ ಗೇಟಿಗೆ ಹಚ್ಚಿ ಮಿಕ್ಕ ಹಸಿರು, ಕೆಂಪು ಎನಾಮಲ್ ಡಬ್ಬಿಗಳನ್ನು ಧಾರಾಳವಾಗಿ ಕೊಟ್ಟಿದ್ದ. ಬೆಂಗಳೂರಿನಿಂದ ದೊಡ್ಡವರು ಫೋಟೊ ತೆಗೆಯಲು ಬರುತ್ತಾರೆ, ಅತ್ತಿಗೆಯ ಮಾಲು ನೋಡಿದರೆ ಎಲ್ಲ ತುಕ್ಕು ಹಿಡಿದು ಕೂತಿದೆ. ಅವನು ಬೀಗ ತೆಗೆದು ಒಳಗೆ ಹೋದ.

ಲೋಕಿಕೆರೆಯಿಂದ ಬಂದ ದ್ರಾಕ್ಷಾಯಣಮ್ಮನ ಹಿಂದೆಯೇ ನಾನೂ ಒಳಗೆ ಹೋಗಿದ್ದೆ. ಪಡಸಾಲೆಯ ತುಂಬ ಜಮಖಾನದ ಮೇಲೆ ಬಸ್ಸು, ಕಾರು, ರೈಲು, ಕೋತಿ ಎಲ್ಲ ಸಾಲಾಗಿ ಕೂತಿದ್ದವು. ಅರ್ಧ ಹಸಿರು, ಅರ್ಧ ಕೆಂಪು. ಪ್ರತಿಯೊಂದರ ಹಣೆಗೂ ಮೂರು ಬೆರಳ ವಿಭೂತಿ, ಕೊರಳಿಗೆ ಚೆಂಡುಹೂವು. ಹೊಸಿಲ ಹತ್ತಿರ ಒಡೆದ ಬೂದುಗುಂಬಳಕಾಯಿ. ಹಾಲೇಶಪ್ಪ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ.

“ಹೆಂಗೈತೆ ನೋಡ್ರಿ ಅತ್ತಿಗೆ. ಎಲ್ಲಾ ಹೊಸಾವು ಕಂಡಂಗೆ ಕಾಣ್ತಾವೆ.”

ದ್ರಾಕ್ಷಾಯಣಮ್ಮ ನೆಲಕ್ಕೆ ಕೂತರು. ಆ ಮೊದಲನೆಯ ತಗಡಿನ ಬಸ್ಸನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಇಪ್ಪತ್ತು ವರ್ಷದ ಒಡನಾಟದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಾಲೇಶಪ್ಪ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಹಸ್ತಪ್ರತಿ ತಂದು ಮೊದಲ ಸಾಲು ಓದಿ ತೋರಿಸಿದೆ. ಅವನು ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ.

ಶ್ರೀನಿವಾಸ ಬಂದವನು ಒಂದೊಂದನ್ನೇ ಎತ್ತಿ ನೋಡಿ, ನಿಧಾನವಾಗಿ ಕೆಳಗಿಟ್ಟ. ಬಣ್ಣದ ಫೋಟೊ ಹಾಕಿ ಮಾರುವ ಮಾತು ಇನ್ನು ಆಗದು ಎಂದ. ಸಭ್ಯ ಮನುಷ್ಯ, ಬೇಸರವನ್ನೂ ಮೆತ್ತಗೆ ಹೇಳಿದ. ಆಮೇಲೆ ಗೋಡೆಯ ಮೇಲಿದ್ದ ಗಂಡನ ಫೋಟೊ, ಖಾಲಿ ಮನೆ ಎಲ್ಲ ನೋಡಿ, ಬೇರೆ ದಾರಿ ಹೊಳೆದವನಂತೆ ಮುಂದೆ ಬಾಗಿದ. ನಮ್ಮ ಕಮಲಕ್ಕ ಗೇಟಿನ ಹತ್ತಿರವೇ ಅವನನ್ನು ಹಿಡಿದು ಕಥೆ ಹೇಳಿ ಕಳಿಸಿದ್ದಳೆಂದು ನನಗೆ ಆಗಲೇ ಗೊತ್ತಾಯಿತು.

“ಅಮ್ಮ, ಕೈಪಿಡಿ ಬೇಡ. ನಿಮ್ಮ ಕಥೆ ಮಾಡೋಣ. ಮಕ್ಕಳಿಲ್ಲದ ತಾಯಿಯೊಬ್ಬಳು ಆಟಿಕೆಗಳಲ್ಲೇ ಮಕ್ಕಳನ್ನು ಕಂಡುಕೊಂಡಳು ಅಂತ. ಬಣ್ಣ ಹೋದರೂ ಪರವಾಗಿಲ್ಲ, ಅದೂ ಕಥೆಯಲ್ಲೇ ಬರುತ್ತೆ. ಜನ ಕಣ್ಣೀರು ಹಾಕಿಕೊಂಡು ಓದುತ್ತಾರೆ.”

“ನಾನು ಬರೆದಿರೋದನ್ನ ನೀವು ಪೂರ್ತಿ ಓದೀರಿ ತಾನೇ?” ದ್ರಾಕ್ಷಾಯಣಮ್ಮ ಕೇಳಿದರು.

“ಓದಿದ್ದೇನೆ.”

“ಅದರಾಗೆ ಎಲ್ಲಾದ್ರೂ ಮಕ್ಕಳ ಮಾತು ಐತಾ?”

“ಇಲ್ಲ. ಅದಕ್ಕೇ ಸೇರಿಸೋಣ ಅಂತ.”

“ಬ್ಯಾಡ. ಇದು ಆಟಿಕೆ ಪುಸ್ತಕ ರೀ, ನನ್ನ ಹೊಟ್ಟೆ ಪುಸ್ತಕ ಅಲ್ಲ.”

“ಯೋಚನೆ ಮಾಡಿ ಅಮ್ಮ. ಇದನ್ನು ಹೀಗೇ ಅಚ್ಚು ಹಾಕೋರು ಯಾರೂ ಸಿಗಲ್ಲ.”

“ಹಂಗಾದ್ರೆ ನಾನೇ ಹಾಕಿಸ್ತೀನಿ. ಊಟ ಮಾಡ್ಕೊಂಡು ಹೋಗ್ರಿ, ರೊಟ್ಟಿ ಆಗ್ಯಾವೆ.”

ಅವನು ಊಟ ಮಾಡಿಕೊಂಡೇ ಹೋದ. ನಾನಾಗಿದ್ದರೆ ನೀರೂ ಕೊಡುತ್ತಿರಲಿಲ್ಲ.

ಹರಿಹರದಲ್ಲಿ ಸಿಕಂದರನ ಪ್ರೆಸ್ಸು. ದ್ರಾಕ್ಷಾಯಣಮ್ಮನ ಮನೆತನದ ಮದುವೆ ಕಾರ್ಡುಗಳೆಲ್ಲ ಅಚ್ಚಾಗಿದ್ದು ಅಲ್ಲೇ. ಪುಸ್ತಕ ಎಂದಾಗ ಸಿಕಂದರ್ ಕಿವಿ ಹಿಡಿದುಕೊಂಡ. “ಅಮ್ಮಾರೆ, ನಮ್ಮ ಮಷೀನಿಗೆ ಶಾದಿ ಕಾರ್ಡು ಬಿಟ್ರೆ ಬೇರೆ ಏನೂ ಹಾಕಿ ಆದತ್ ಇಲ್ಲ. ಸೀಸನ್ನಿನಾಗೆ ಆಗಾಕಿಲ್ಲ.” ಹಾಗಾದರೆ ಆಷಾಢದಲ್ಲಿ ಮಾಡು, ಆಗ ಯಾರು ಮದುವೆ ಆಗುತ್ತಾರೆ ಎಂದರು ಇವರು. ಅವನು ನಕ್ಕು ಒಪ್ಪಿಕೊಂಡ. ಹೀಗೆ ಮುಂದಿನ ವರ್ಷದ ಆಷಾಢದಲ್ಲಿ, ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದ್ದ ಆ ಪ್ರೆಸ್ಸಿನಲ್ಲಿ, ಮದುವೆ ಕಾರ್ಡಿಗೆಂದು ತರಿಸಿದ್ದ ದಪ್ಪ ಕಾಗದವನ್ನೇ ರಕ್ಷಾಪುಟ ಮಾಡಿಕೊಂಡು ಕೆಲಸ ಶುರುವಾಯಿತು. ದ್ರಾಕ್ಷಾಯಣಮ್ಮನೂ ನಾನೂ ಬಸ್ಸಿನಲ್ಲಿ ಓಡಾಡುತ್ತಿದ್ದೆವು.

ಬಣ್ಣದ ಅಚ್ಚು ಅಲ್ಲಿ ಆಗುತ್ತಿರಲಿಲ್ಲ. ನಮ್ಮೂರಿನ ಸ್ಟುಡಿಯೊದವನಿಂದ ತೆಗೆಸಿದ ಫೋಟೊಗಳೆಲ್ಲ ಕಪ್ಪು ಬಿಳುಪು. ಮೊದಲ ಕರಡು ಹಾಳೆಗಳು ಹೊರಬಂದ ದಿನ ಹಾಲೇಶಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಹಬ್ಬದಿಂದ ಈಚೆಗೆ ಅತ್ತಿಗೆ ಅವನ ಜೊತೆ ಆಡುತ್ತಿದ್ದುದು ಅಗತ್ಯವಿದ್ದಷ್ಟೇ ಮಾತು. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ತಿರುಗಿಸಿ ನೋಡಿ, ಅರಳಿಬಿಟ್ಟ.

“ಅತ್ತಿಗೆ, ಹಸಿರು ಯಾವುದು, ಕೆಂಪು ಯಾವುದು, ಒಂದೂ ಗೊತ್ತಾಗವಲ್ದು. ಹಳೇ ಬಣ್ಣ ಅಂತನೇ ತಿಳ್ಕೊಂತಾರೆ. ನಾವು ಸುಮ್ನಿದ್ರಾತು.”

ಸಿಕಂದರನೂ ಹೌದೆಂದ. ನನಗೂ ಹಾಗೇ ಅನ್ನಿಸಿತ್ತು. ದ್ರಾಕ್ಷಾಯಣಮ್ಮ ಪೆನ್ನು ತೆಗೆದರು. ಕರಡು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಫೋಟೊದ ಕೆಳಗೆ ಒಂದು ಸಾಲು ಸೇರಿಸಿದರು: “ಬಣ್ಣ: ಮೂಲದ್ದಲ್ಲ. 1998ರ ಆಯುಧಪೂಜೆಯಲ್ಲಿ ಮೈದುನ ಹಾಲೇಶಪ್ಪ ಹಚ್ಚಿದ್ದು. ಮೂಲ ಬಣ್ಣ ಆಕಾಶನೀಲಿ, ಕಿಟಕಿಗಳಿಗೆ ಹಳದಿ ಅಂಚು.” ಆಮೇಲೆ ಕಾರಿನ ಕೆಳಗೆ. ಆಮೇಲೆ ಕೋತಿಯ ಕೆಳಗೆ.

“ಪುಟಪುಟಕ್ಕೂ ನನ್ನ ಮಾನ ಕಳೀತೀರಾ ಅತ್ತಿಗೆ?” ಹಾಲೇಶಪ್ಪ ಹಾಳೆಯ ಮೇಲೆ ಕೈಯಿಟ್ಟ. “ಒಂದು ಕಡೆ ಬರೀರಿ, ಸಾಕು.”

“ಈ ಪುಸ್ತಕ ನಂಬ್ಕೊಂಡು ಜನ ಸಾಮಾನು ಹುಡುಕ್ತಾರೆ ಹಾಲೇಶಿ. ಒಂದು ಕಡೆ ಮುಚ್ಚಿಟ್ಟೆ ಅಂದ್ರೆ, ಉಳಿದಿದ್ದನ್ನ ಯಾಕ ನಂಬಬೇಕು?”

ಅವನು ಮಂಡಕ್ಕಿಯ ಪೊಟ್ಟಣ ಬಿಚ್ಚಿ ಎಲ್ಲರ ಮುಂದಿಟ್ಟ. ಕೊನೆಗೆ, “ಬಣ್ಣ ಒಳ್ಳೇದಿತ್ತು ಅಂತನಾದ್ರೂ ಬರೀರಿ. ಕಂಪನಿ ಮಾಲದು,” ಎಂದ. ದ್ರಾಕ್ಷಾಯಣಮ್ಮ ಅವನ ಮುಖ ನೋಡಿದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವನೆದುರು ನಕ್ಕರು. “ಎನಾಮಲ್, ಒಳ್ಳೆಯ ದರ್ಜೆಯದು” ಎಂದೂ ಪ್ರತಿಯೊಂದು ಕಡೆ ಸೇರಿಸಿದರು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಶ್ರಾವಣಕ್ಕೆ ಪುಸ್ತಕ ಬಂತು. ಹಾಲೇಶಪ್ಪ ಮುಖ ಮುಚ್ಚಿಕೊಂಡು ಓಡಾಡುತ್ತಾನೆ ಎಂದು ನಾನು ಎಣಿಸಿದ್ದೆ. ಅವನು ನೋಡಿದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಪುಸ್ತಕ ಜೋಡಿಸಿಟ್ಟು, ಬಂದ ಗಿರಾಕಿಗಳಿಗೆಲ್ಲ ತನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ. ಕೊಪ್ಪಳ, ಹುಬ್ಬಳ್ಳಿಯ ಕಡೆಯಿಂದಲೂ ಕಾಗದ ಬಂದವು. ಇಷ್ಟು ನಿಜ ಹೇಳುವವರ ಮಾತನ್ನು ನಂಬಿ ನಾವೂ ನಮ್ಮ ಅಟ್ಟ ಹತ್ತಿ ನೋಡಿದೆವು ಎಂದು ಒಬ್ಬರು ಬರೆದಿದ್ದರು.

ಕಮಲಕ್ಕ ಒಂದು ಪ್ರತಿ ಇಸಿದುಕೊಂಡು ಹೋಗಿ, ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೂ ಓದಿದಳು. ಓದಿ ಮುಗಿಸಿದವಳು ತಡೆಯಲಾರದೆ ಬಂದೇಬಿಟ್ಟಳು. ನಾನೂ ಅಲ್ಲೇ ಇದ್ದೆ.

“ಎಲ್ಲಾ ಬರ್ದೀರಿ ದ್ರಾಕ್ಷಾಯಣಮ್ಮ. ಹಾಲೇಶಪ್ಪ ಬಣ್ಣ ಬಳ್ದಿದ್ದನ್ನೂ ಬಿಟ್ಟಿಲ್ಲ. ನಿಮ್ಮ ಮನಸ್ಸಿನ ದುಃಖ ಮಾತ್ರ ಒಂದು ಸಾಲೂ ಇಲ್ಲ.”

ದ್ರಾಕ್ಷಾಯಣಮ್ಮ ಕೋತಿಯ ಬೆನ್ನಿನ ತಿರುಪು ಬಿಗಿಮಾಡುತ್ತಿದ್ದರು. ತಲೆ ಎತ್ತಲಿಲ್ಲ.

“ಇದ್ದಿದ್ರೆ ಬರೀತಿದ್ದೆ,” ಎಂದರು.