ಷಡ್ಡಕನ ಕಮೋಡೂ ನಮ್ಮನೆ ದೃಷ್ಟಿ ಮಡಕೆಯೂ

ಇನ್ನೊಬ್ಬರ ಮನೆಯ ಕಮೋಡ್ ನೋಡಿ ನಿಮಗೆ ಯಾವತ್ತಾದರೂ ಹೊಟ್ಟೆ ಉರಿದಿದೆಯೇ? ನಗಬೇಡಿ, ನನಗೆ ಉರಿದಿದೆ.

ಕಿಕ್ಕೇರಿಯ ನನ್ನ ಷಡ್ಡಕನ ಮನೆಯಲ್ಲಿ (ಹೆಂಡತಿಯ ತಂಗಿಯ ಗಂಡ, ಎಲ್ಲದರಲ್ಲೂ ನನಗಿಂತ ಒಂದು ಕೈ ಮೇಲು) ಫ್ಲಶ್ ಒತ್ತಿದರೆ ನೀರು ಗುಳುಕ್ಕನೆ ಇಳಿದು ತಳದಲ್ಲಿ ತಣ್ಣಗೆ ನಿಲ್ಲುತ್ತದೆ. ಪಾಂಡವಪುರದ ನಮ್ಮ ಹೊಸ ಮನೆಯಲ್ಲಿ ಅದೇ ನೀರು ಅಂಚಿನವರೆಗೂ ಏರಿ, ಇಳಿಯಲೋ ಬೇಡವೋ ಎಂದು ಯೋಚಿಸುತ್ತಾ ನಿಲ್ಲುತ್ತಿತ್ತು.

ಮಂಡಿ ಆಪರೇಷನ್ ಆದ ಮಾವ ಚೇತರಿಸಿಕೊಳ್ಳುವವರೆಗೂ ಯಾವ ಅಳಿಯನ ಮನೆಯಲ್ಲಿರಬೇಕು? ನಾನೇ ಮುಂದೆ ಬಿದ್ದು ಕರೆತಂದೆ. (ಪ್ರೀತಿಯೂ ಇತ್ತು. ಷಡ್ಡಕನಿಗಿಂತ ಮೊದಲು ಎಂಬ ಹಟ ಅದಕ್ಕಿಂತ ಜಾಸ್ತಿ ಇತ್ತು.)

ಮೊದಲ ಬೆಳಿಗ್ಗೆಯೇ ಮಾವ ವಾಕರ್ ತಳ್ಳಿಕೊಂಡು ಗಾಬರಿಯಲ್ಲಿ ಟಾಯ್ಲೆಟ್ಟಿನಿಂದ ಹೊರಬಂದರು.

"ಕನ್ನಂಬಾಡಿ ಕಟ್ಟೆ ತುಂಬ್ದಂಗೆ ತುಂಬ್ಕತ್ತಲ್ಲವ್ವ! ನಾನ್ ಕಿಕ್ಕೇರಿಗೇ ಓಯ್ತೀನಿ" ಎಂದು ಮಗಳಿಗೆ ಹೇಳಿದರು.

ನಾನು ಮುಖ ಎಲ್ಲಿಡಲಿ? ಪ್ಲಂಜರ್ ಒತ್ತಿದೆ. ಬಕೆಟ್ ಬಕೆಟ್ ನೀರು ಸುರಿದೆ. ನೀರು ಇನ್ನಷ್ಟು ಮೇಲೆ ಬಂತು.

ಮಧ್ಯಾಹ್ನ ಮಾವನನ್ನು ಕರೆದೊಯ್ಯಲು ಷಡ್ಡಕ ಕಾರು ತಂದ. ವಿಷಯ ಕೇಳಿದವನೇ ಕಾಫಿಯನ್ನೂ ಕುಡಿಯದೆ ಸೀದಾ ಟೆರೇಸ್ ಹತ್ತಿದ. ಎಲ್ಲ ಗೊತ್ತಿರುವವನ ಹಾಗೆ! ನಾನೂ ಹಿಂದೆಯೇ ಹೋದೆ.

"ಅಣ್ಣೋ, ಗಾಳಿ ಪೈಪಿನ್ ಬಾಯ್ಗೆ ಮಡಕೆ ಯಾಕ್ ಮಡಗಿದ್ದೀಯೆ?"

ಅದು ಗೃಹಪ್ರವೇಶಕ್ಕೆ ಮುಂಚೆ ನಾನೇ ಇಟ್ಟ ದೃಷ್ಟಿ ಮಡಕೆ. ಸುಣ್ಣದಲ್ಲಿ ಕಣ್ಣು, ಮೀಸೆ, ಹಲ್ಲು ಎಲ್ಲ ಬರೆದಿದ್ದೆ. ದೂರಕ್ಕೆ ಕಾಣಲಿ ಅಂತ ಟೆರೇಸಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿದ್ದ ಟಾಯ್ಲೆಟ್ ಪೈಪಿನ ಮೇಲೆ ಬೋರಲು ಹಾಕಿ, ಬೀಳದಿರಲಿ ಎಂದು ಸುತ್ತ ಸಿಮೆಂಟು ಮೆತ್ತಿದ್ದೆ.

"ಒಳಗಿನ್ ಗಾಳಿ ಎಲ್ಲಿಗ್ ಓಗ್ಬೇಕಣ್ಣ? ಅದ್ಕೇ ನೀರ್ ಇಳೀತಿಲ್ಲ. ಯಾರ್ ಕಣ್ ಬೀಳ್ತದೆ ಅಂತ ಇದ್ನ ಮಡಗ್ದೆ?"

"ಊರೋರ್ದು" ಎಂದೆ. (ನಿಜ ಹೇಳಲಾಗುತ್ತದೆಯೇ? ಇಟ್ಟದ್ದೇ ಅವನ ಕಣ್ಣಿಗೆ.)

ಅವನು ಸಿಮೆಂಟು ಕೆತ್ತಿ ಮಡಕೆಯನ್ನು ಜೋಪಾನವಾಗಿ ಎತ್ತಿದ. ಕೆಳಗೆ ನನ್ನ ಹೆಂಡತಿ ಫ್ಲಶ್ ಒತ್ತಿದಳು. ಗುಳುಕ್! ನೀರು ಇಳಿಯಿತು.

"ಇನ್ನೇನ್ ಮಾವ, ಇಲ್ಲೇ ಇರಿ" ಎಂದುಬಿಟ್ಟ ಆಸಾಮಿ. ದೊಡ್ಡತನವೂ ಅವನದೇ ಆಯಿತು. ಮಾವ ಉಳಿದರು ನಿಜ. ಆದರೆ ಟಾಯ್ಲೆಟ್ಟಿಗೆ ಹೋಗಿಬಂದಾಗಲೆಲ್ಲ ಕಿಕ್ಕೇರಿ ಅಳಿಯನನ್ನೇ ಹೊಗಳುತ್ತಾರೆ.

ಅವತ್ತು ಹೊರಡುವಾಗ ಷಡ್ಡಕ ಆ ಮಡಕೆಯನ್ನು ಕಾರಿಗೆ ಹಾಕಿಕೊಂಡ. "ನಿನ್ಗಿನ್ ಬ್ಯಾಡ್ವಲ್ಲಣ್ಣ. ನಮ್ಮನೆ ಮುಂದೆ ಕಟ್ಕತೀನಿ" ಎಂದ.

ಯಾರ ಕಣ್ಣಿಗೆ ಅಂತ ನಾನು ಕೇಳಲಿಲ್ಲ.