ಒಂಬೈನೂರ ಅರವತ್ತು ಕಕ್ಕಸು

ನನ್ನ ಗಂಡ ಟೈಲ್ಸ್ ಹಾಕುತ್ತಿದ್ದ. ಮೂವತ್ತೆಂಟು ಅಂತಸ್ತಿನ ಕಟ್ಟಡದಲ್ಲಿ ಬಚ್ಚಲುಮನೆ, ಅಡುಗೆಮನೆಗಳಿಗೆ ನೆಲ ಹಾಸಿದ. ಆ ಕೆಲಸ ಮುಗಿಯೋ ಮೊದಲೇ ಅವನ ಎರಡೂ ಕಿಡ್ನಿ ಮುಗಿದವು. ಯಾಕೆ ಮುಗಿದವು ಅಂತ ಬರೆಯುತ್ತೇನೆ. ಅವನು ಅಂತಲೇ ಬರೆಯುತ್ತೇನೆ. ಸತ್ತ ಮೇಲೆ ಅವರು ಇವರು ಅಂತ ಶುರು ಮಾಡಿದರೆ ಯಾರೋ ದೂರದ ನೆಂಟರ ವಿಷಯ ಹೇಳಿದ ಹಾಗಿರುತ್ತೆ. ನಾನು ಓದಿದ್ದು ಐದನೇ ಕ್ಲಾಸು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಟೈಲ್ಸ್ ಕೂರಿಸಿದ ಮೇಲೆ ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಿದ್ದ. ಅಡಿಯಲ್ಲಿ ಗಾರೆ ಕೂತಿರದಿದ್ದರೆ ಸದ್ದೇ ಬೇರೆ. ಕಿತ್ತು ಮತ್ತೆ ಹಾಕುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಗೋಡೆ, ಬಾಗಿಲು, ಕಲ್ಲಂಗಡಿ ಹಣ್ಣು, ನನ್ನ ತಲೆ. "ಇದು ಟೊಳ್ಳು ಕಣೇ" ಅನ್ನುತ್ತಿದ್ದ. ಸೈಟಿನಲ್ಲಿ ಅವನಿಗೆ ಟಕಟಕ ಅಂತಲೇ ಹೆಸರು. ನೀರು ಹರಿದುಹೋಗೋ ಹಾಗೆ ನೆಲಕ್ಕೆ ವಾಟ ಕೊಡೋದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಚ್ಚಲ ಮೂಲೆಗೆ ಒಂದು ಚೊಂಬು ನೀರು ಸುರಿದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಕೊನೇ ಹನಿ ತೂತಿಗೆ ಇಳಿಯೋವರೆಗೂ ಏಳುತ್ತಿರಲಿಲ್ಲ. ನಾನು ಅವನ ಹಿಂದೆ ಸಂದಿಗಳಿಗೆ ಬಿಳಿ ಸಿಮೆಂಟ್ ತುಂಬಿ ಒರೆಸುತ್ತಾ ಬರುತ್ತಿದ್ದೆ. ಹನ್ನೊಂದು ವರ್ಷ ಹಾಗೇ. ಅವನು ಮುಂದೆ, ನಾನು ಹಿಂದೆ, ಇಬ್ಬರೂ ಮಂಡಿಯ ಮೇಲೆ.

ಈ ಕಟ್ಟಡದಲ್ಲಿ ಕೆಳಗೆ ನಾಲ್ಕು ಅಂತಸ್ತು ಅಂಗಡಿ. ಅದರ ಮೇಲೆ ನಾಲ್ಕು ಆಫೀಸು. ಅದರ ಮೇಲೆ ಮೂವತ್ತು ಅಂತಸ್ತು ಬರೀ ಮನೆ. ಅಂತಸ್ತಿಗೆ ಎಂಟು ಮನೆ, ಮನೆಗೆ ನಾಲ್ಕು ಕಕ್ಕಸು. ಕೆಲಸದವರಿಗೆ ಇದ್ದದ್ದು ನೆಲದ ಮೇಲೆ, ಸಿಮೆಂಟ್ ಗೋದಾಮಿನ ಹಿಂದೆ, ತಗಡಿನವು ಆರು. ಹಗಲು ಲಿಫ್ಟು ಸಾಮಾನಿಗೆ ಮಾತ್ರ. ಬೆಳಿಗ್ಗೆ ನಮ್ಮನ್ನು ಹತ್ತಿಸಿ ಬಿಟ್ಟರೆ ಸಂಜೆ ಇಳಿಸೋದು. ಊಟ ಮೇಲೇ. ನಡುವೆ ಅವಸರವಾದರೆ ಮೆಟ್ಟಿಲು. ಇಪ್ಪತ್ತಾರನೇ ಅಂತಸ್ತಿನಿಂದ ಇಳಿದು ಹತ್ತೋಕೆ ಮುಕ್ಕಾಲು ಗಂಟೆ. ಮೇಸ್ತ್ರಿ ಮೆಟ್ಟಿಲ ಬಾಯಲ್ಲೇ ನಿಂತಿರುತ್ತಿದ್ದ. "ಏನು ಮಹಾರಾಜರ ಸವಾರಿ ಎಲ್ಲಿಗೆ ಹೊರಟಿತು?"

ಹಾಗಾಗಿ ಯಾರೂ ಇಳಿಯುತ್ತಿರಲಿಲ್ಲ. ಮೂಲೆ ಹುಡುಕುತ್ತಿದ್ದರು. ಎಲ್ಲರಿಗೂ ಬೇಕಾದ ಮೂಲೆ ಅಡುಗೆಮನೆಯದು. ನಡುಮನೆಯಲ್ಲಿ ಕೂತ ನೆಂಟರಿಗೆ ಎಂಜಲು ಪಾತ್ರೆ ಕಾಣಬಾರದು ಅಂತ ಪ್ಲಾನಿನಲ್ಲೇ ಗೋಡೆ ತಿರುಗಿಸಿದ್ದರು. ಅದರ ಹಿಂದೆ ಕೂತರೆ ಯಾರಿಗೂ ಕಾಣಲ್ಲ. ಒಲೆ ಬರೋ ಜಾಗ. ಅಲ್ಲೇ. ನಾನೂ ಕೂತಿದ್ದೇನೆ, ಇನ್ನೊಬ್ಬ ಹೆಂಗಸನ್ನು ಕಾವಲಿಗೆ ನಿಲ್ಲಿಸಿ. ಬರೆಯೋಕೆ ನನಗೆ ನಾಚಿಕೆ ಇಲ್ಲ. ಕಟ್ಟಿಸಿದವರಿಗೇ ಇರಲಿಲ್ಲ.

ಆಮೇಲೆ ಅದೇ ಮೂಲೆಗೆ ಟೈಲ್ಸ್ ಹಾಕೋಕೆ ನಾವು ಹೋಗಬೇಕು. ಒಣಗಿದ್ದು, ಒಣಗದ್ದು, ಅದರ ಮೇಲೆ ನೊಣ. ಕೆಲವರು ಅದರ ಮೇಲೇ ಗಾರೆ ಸುರಿದು ಟೈಲ್ಸ್ ಒತ್ತಿಬಿಡುತ್ತಿದ್ದರು. ಇವತ್ತಿಗೂ ಎಷ್ಟೋ ಮನೆಯ ಒಲೆಯ ಕೆಳಗೆ ಅದು ಹಾಗೇ ಇದೆ. ನನ್ನ ಗಂಡ ಕೆರೆದು, ತೊಳೆದು, ಒಣಗಿಸಿ ಹಾಕುತ್ತಿದ್ದ. ತಾನು ಮಾತ್ರ ಯಾವ ಮೂಲೆಗೂ ಹೋಗಲಿಲ್ಲ.

"ನಾಳೆ ಇಲ್ಲಿ ಯಾರೋ ಅನ್ನ ಬೇಯಿಸ್ತಾರೆ ಕಣೇ."

"ಬೇಯಿಸ್ಲಿ. ನಿನ್ನ ಕರೆದು ಬಡಿಸ್ತಾರಾ?"

"ಬಡಿಸಲ್ಲ ಅಂತ ಹೇತು ಹೋಗ್ಬೇಕಾ?"

ಒಂದು ದಿನ ಕಾವಲಿಗೆ ಯಾರೂ ಸಿಗಲಿಲ್ಲ. ನಾನು ಕೂತಿದ್ದಾಗ ಬಣ್ಣ ಹೊಡೆಯೋರು ನಾಲ್ಕು ಜನ ಒಳಗೆ ಬಂದರು. ನಕ್ಕರು, ಹೋದರು. ಅದನ್ನು ಅವನಿಗೆ ಹೇಳಿದೆ. ಕೈಯಲ್ಲಿದ್ದ ಟೈಲ್ಸ್ ಕೆಳಗಿಟ್ಟು ನೇರ ಇಂಜಿನಿಯರ್ ಹತ್ತಿರ ಹೋದ. ನಾನೂ ಹಿಂದೆ ಹೋದೆ.

"ಸಾರ್, ಈ ಪ್ಲಾನಲ್ಲಿ ಎಷ್ಟು ಕಕ್ಕಸಿದೆ?"

"ಮನೆಗಳದ್ದಾ? ಒಂಬೈನೂರ ಅರವತ್ತು. ಯಾಕಯ್ಯಾ, ಕೊಂಡ್ಕೋತೀಯಾ?"

"ಒಂದು ಬಿಟ್ಟುಕೊಡಿ ಸಾರ್. ಕೆಲಸ ಮುಗಿಯೋವರೆಗೆ ನಾವು ಹೋಗಿ ಬರೋಕೆ."

ಇಂಜಿನಿಯರ್ ಕನ್ನಡಕ ತೆಗೆದು ನಕ್ಕ. "ಇವತ್ತು ಕಕ್ಕಸು ಅಂತೀಯ, ನಾಳೆ ಸೋಪು ಟವಲು ಅಂತೀಯ. ಇನ್ನೂರು ಜನ ಹೋದ್ರೆ ತೊಳೆಯೋರು ಯಾರು? ತೊಳೆಯೋರನ್ನ ತೋರಿಸು, ಕೊಡ್ತೀನಿ."

"ಇವಳು ತೊಳೀತಾಳೆ" ಅಂದ.

ಮೆಟ್ಟಿಲು ಹತ್ತುವಾಗ ಜಗಳ ತೆಗೆದೆ. "ನಾನೇನು ನಿನಗೆ ಬಿಟ್ಟಿ ಬಿದ್ದಿದ್ದೀನಾ? ನೀನೇ ತೊಳಿ."

"ನಿನಗೋಸ್ಕರ ತಾನೇ ಕೇಳಿದ್ದು."

"ನನಗೋಸ್ಕರ ಕೇಳಿದವನು ನನ್ನನ್ನೂ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

ಅದು ನಿಜ.

ಇಪ್ಪತ್ತೆರಡನೇ ಅಂತಸ್ತಿನ ಒಂದು ಮನೆಯಲ್ಲಿ ಒಂದು ಕಕ್ಕಸು ಕೊಟ್ಟರು. ಪೈಪು ಜೋಡಿಸಿದವನು ಪ್ಲಂಬರ್ ಕುಳ್ಳ, ನನ್ನ ಗಂಡನ ಗೆಳೆಯ. ಆರಡಿ ಮೂರಿಂಚು ಇದ್ದ, ಅದಕ್ಕೇ ಕುಳ್ಳ. ಕೊನೇ ಬೋಲ್ಟು ಬಿಗಿದವನೇ, "ಲೇ ಟಕಟಕ, ಉದ್ಘಾಟನೆ ನಂದೇ" ಅಂತ ಬಾಗಿಲು ಹಾಕಿಕೊಂಡ. ಹೊರಗೆ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಗಸರು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಿನ್ನ ಗಂಡ ದೇವರು" ಅಂದರು.

ದೇವರ ಹೆಂಡತಿ ಬ್ರಷ್ ಹಿಡಿದಳು.

ಮೊದಲ ಎರಡು ದಿನ ಚೆನ್ನಾಗಿತ್ತು. ಮೂರನೇ ದಿನದಿಂದ ಹೇಸಿಗೆ ಶುರು. ಗಾರೆ ಮೆತ್ತಿದ ಬೂಟಲ್ಲೇ ಕಮೋಡಿನ ಮೇಲೆ ಹತ್ತಿ ಕೂತಿದ್ದರು. ನೀರು ನಿಂತಾಗ ಸಿಮೆಂಟ್ ಚೀಲದ ಕಾಗದ ಹರಿದು ಒರೆಸಿ ಒಳಗೇ ತುರುಕಿದ್ದರು. ಬೀಡಿ ತುಂಡು. ಗೋಡೆಗೆ ಒರೆಸಿದ ಬೆರಳು. ನಾನು ಕೈ ಹಾಕಿ ತೆಗೆದೆ. ದಿನಕ್ಕೆ ಆರು ಸಲ. "ಒಂದು ಚೊಂಬು ನೀರು ಹಾಕ್ರಪ್ಪಾ" ಅಂದರೆ, "ಅದಕ್ಕೆ ನೀನಿದ್ದೀಯಲ್ಲಕ್ಕಾ" ಅನ್ನುತ್ತಿದ್ದರು. ಮೂಲೆಯಲ್ಲಿ ಕೂರೋವಾಗ ಒಬ್ಬರಿಗೊಬ್ಬರು ಮುಖ ತಿರುಗಿಸುತ್ತಿದ್ದ ಜನ. ಬಾಗಿಲು ಅಂತ ಒಂದು ಸಿಕ್ಕ ಕೂಡಲೇ ಮರ್ಯಾದೆ ಹೊರಗಿಟ್ಟು ಒಳಗೆ ಹೋದರು.

ಒಂಬತ್ತನೇ ದಿನ ಯಾರಿಗೋ ಭೇದಿ ಆಗಿತ್ತು. ಸೀಟು, ನೆಲ, ಬಾಗಿಲ ಹಿಡಿ. ಅದರ ಪಕ್ಕದಲ್ಲೇ ನಾನು ವಾಂತಿ ಮಾಡಿದೆ. ಬ್ರಷ್ ಎಸೆದೆ. ಅವನು ಟೈಲ್ಸ್ ಕತ್ತರಿಸುತ್ತಿದ್ದ ಕೋಣೆಗೆ ಹೋಗಿ, "ಇನ್ನು ನನ್ನ ಕೈಲಾಗಲ್ಲ. ಇವರು ದನಗಳು" ಅಂದೆ. ಮಿಷನ್ ನಿಲ್ಲಿಸಿದ. ತಾನೇ ಹೋಗಿ ತೊಳೆದ. ಹತ್ತನೇ ದಿನವೂ ತೊಳೆದ. ಹನ್ನೊಂದನೇ ದಿನ ಮೇಸ್ತ್ರಿ ಅವನನ್ನು ಬೇರೆ ಅಂತಸ್ತಿಗೆ ಕಳಿಸಿದ. ಅವತ್ತೇ ಮನೆ ಕೊಳ್ಳೋರು ಬಂದರು. ಒಬ್ಬ ಹೆಂಗಸು ಬಾಗಿಲು ತೆಗೆದಳು. ಮೂಗು ಮುಚ್ಚಿಕೊಂಡು ಲಿಫ್ಟಿನವರೆಗೂ ಓಡಿದಳು.

ಸಂಜೆ ಬೀಗ ಬಿತ್ತು. ಇಂಜಿನಿಯರ್ ಎಲ್ಲರ ಮುಂದೆ ಅವನಿಗೆ ಹೇಳಿದ. "ನೋಡಿದ್ಯಾ? ನಾಯಿಗೆ ಪಲ್ಲಕ್ಕಿ ಕೊಟ್ಟ ಹಾಗಾಯ್ತು."

ಅವನು ನನ್ನನ್ನು ಬೈಯಲಿಲ್ಲ. ನೀರು ಕುಡಿಯೋದು ಬಿಟ್ಟ.

ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ, ಸಂಜೆ ಇಳಿದ ಮೇಲೆ ಒಂದು. ನಡುವೆ ಹತ್ತು ಗಂಟೆ ಏನೂ ಇಲ್ಲ. ಗಾಳಿ ಆಡದ ಕೋಣೆ, ಕಾದ ಕಾಂಕ್ರೀಟು, ಟೈಲ್ಸ್ ಕತ್ತರಿಸಿದ ಧೂಳು. ಬಾಟಲಿಗೆ ನೀರು ತುಂಬುತ್ತಿದ್ದವಳು ನಾನೇ. ಸಂಜೆ ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಕುಡಿ ಅಂದರೆ, "ಕುಡಿದ್ರೆ ಇಳೀಬೇಕು" ಅನ್ನುತ್ತಿದ್ದ. ಮೂಲೆಗೆ ಹೋಗು ಅಂದರೆ ಮುಖ ತಿರುಗಿಸುತ್ತಿದ್ದ. ನಾನು ಹೋಗುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಉಚ್ಚೆ ಕಂದು ಬಣ್ಣಕ್ಕೆ ತಿರುಗಿತು. ಸೊಂಟ ನೋವು ಅಂತ ಅಂಗಡಿ ಮಾತ್ರೆ ನುಂಗಿದ. ಕೊನೆಗೆ ಕಾಲು ಊದಿ ಬೂಟು ಹಿಡಿಸಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕೇಳಿದರು. "ದಿನಕ್ಕೆ ಎಷ್ಟು ನೀರು ಕುಡೀತಿದ್ರಿ?"

"ಬೇಕಾದಷ್ಟು ಮೇಡಂ."

"ಸುಳ್ಳು ಮೇಡಂ. ಎರಡು ಲೋಟ" ಅಂದೆ.

ಬಿಸಿಲು, ಬಾಯಾರಿಕೆ, ಆ ಮಾತ್ರೆ, ಮೂರೂ ಸೇರಿ ಕಿಡ್ನಿ ಸುಟ್ಟಿವೆ ಅಂದರು. ವಾರಕ್ಕೆ ಎರಡು ಸಲ ಮಿಷನ್ನಿಗೆ ಹಾಕಿ ರಕ್ತ ತೊಳೆಯುತ್ತಿದ್ದರು. ಇನ್ನು ಮೇಲೆ ನೀರು, ಗಂಜಿ, ಟೀ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರು, ಅದಕ್ಕಿಂತ ಹೆಚ್ಚಾದರೆ ಎದೆಗೆ ತುಂಬುತ್ತೆ ಅಂದರು. ಕುಡಿಯಬೇಕಾದಾಗ ಕುಡಿಯಲಿಲ್ಲ. ಈಗ ಅವನಿಗೆ ನೀರೇ ಕನಸು. ಇಂಜಿನಿಯರ್ ಯಾರ ಕೈಲೋ ಎರಡು ಡಬ್ಬಿ ಕಿತ್ತಳೆ ರಸ ಕಳಿಸಿದ. ಕಿಡ್ನಿ ಕೆಟ್ಟವನಿಗೆ ಅದು ವಿಷ. ಕುಳ್ಳ ಎತ್ತಿ ಕುಡಿದ. "ಆ ಇಂಜಿನಿಯರ್ ಹೆಸರಲ್ಲಿ ಹೋಗಿ ಮೂಲೇಲಿ ಬಿಟ್ಟು ಬರ್ತೀನಿ" ಅಂದ. ನನ್ನ ಗಂಡ ನಕ್ಕ. ನಾನು ನೋಡಿದ ಕೊನೇ ನಗು ಅದು.

ಜನ ನನಗೆ ಸಮಾಧಾನ ಹೇಳುತ್ತಾರೆ, ನಿನ್ನ ತಪ್ಪೇನೂ ಇಲ್ಲ ಅಂತ. ಇದೆ. ಒಂದು ಪಾಲು ನನ್ನದು, ಬ್ರಷ್ ಎಸೆದವಳದು. ಒಂದು ಪಾಲು ನೀರು ಹಾಕದೆ ಎದ್ದು ಬಂದವರದು. ಮಿಕ್ಕಿದ್ದೆಲ್ಲ ಪ್ಲಾನಿನಲ್ಲಿ ಒಂಬೈನೂರ ಅರವತ್ತು ಬರೆದು ಇನ್ನೊಂದು ಬರೆಯೋಕೆ ಕೈ ಬಾರದವನದು. ಕಟ್ಟಡ ಈಗ ತುಂಬಿದೆ. ಆ ಕಡೆ ಹೋಗುವ ಬಸ್ಸು ನಾನು ಹತ್ತಲ್ಲ.

ಅವತ್ತು ಭಾನುವಾರ ಮಧ್ಯಾಹ್ನ, ಆಸ್ಪತ್ರೆಯ ವಾರ್ಡಿನಲ್ಲಿ. ಮಿಷನ್ ಇದ್ದದ್ದು ಸೋಮವಾರ. ಅವತ್ತಿನ ಅರ್ಧ ಲೀಟರು ಹನ್ನೊಂದು ಗಂಟೆಗೇ ಮುಗಿದಿತ್ತು.

"ಒಂದು ಗುಟುಕು ಕೊಡೇ."

"ಡಾಕ್ಟರಮ್ಮ ಬೈತಾರೆ."

"ಅವರಿಗೆ ಹೇಳಬೇಡ."

ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಬಟ್ಟೆಯನ್ನು ಹಲ್ಲಲ್ಲಿ ಹಿಡಿದು ಚೀಪಿದ. ಎಳೆದುಕೊಂಡೆ. "ನೀನೂ ಮೇಸ್ತ್ರಿ ಆಗ್ಬಿಟ್ಯಲ್ಲೇ" ಅಂದ. ಅಲ್ಲಿ ಕೂರೋಕೆ ಆಗಲಿಲ್ಲ. ಹೊರಗೆ ಬಂದೆ. ಬೆಳಿಗ್ಗೆಯಿಂದ ಅವನ ಮುಂದೆ ಕುಡಿಯಬಾರದು ಅಂತ ನಾನೂ ಕುಡಿದಿರಲಿಲ್ಲ. ವರಾಂಡದ ಕೊನೆಯಲ್ಲಿ ನಲ್ಲಿ ಇತ್ತು. ಬಾಯಿಟ್ಟು ಕುಡಿದೆ. ಹೊಟ್ಟೆ ಉಬ್ಬರಿಸೋವರೆಗೆ ಕುಡಿದೆ.

ಒಳಗೆ ಬಂದಾಗ ಅವನು ನನ್ನ ಬಾಯಿಯನ್ನೇ ನೋಡಿದ. ಗಲ್ಲ, ಕತ್ತು ಎಲ್ಲ ಒದ್ದೆಯಾಗಿತ್ತು. ತೋಳಲ್ಲಿ ಒರೆಸಿಕೊಂಡೆ. ಅವನು ಗೋಡೆ ಕಡೆ ತಿರುಗಿ ಮಲಗಿದ. ಒಂದು ಮಾತು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಐದು ಗಂಟೆಗೆ ನರ್ಸ್ ಬಂದು ನೋಡಿದಾಗ ಉಸಿರು ಇರಲಿಲ್ಲ.