ವೀರಭದ್ರನ ಮುಂದೆ ಸಸ್ಯಶಾಸ್ತ್ರ

ನೋಡ್ರಿ, ಇವತ್ತು ನಮ್ಮ ಭಾವನವರು ನನ್ನ ಮಗಳ ಕಾಲೇಜಿನ ವಿಷಯಕ್ಕೆ ಇಟ್ಟಿಗಿಯ ವೀರಭದ್ರ ಸ್ವಾಮಿಯನ್ನೂ ಎಳೆದರು.

ಮಗಳು ಬಿ.ಎಸ್ಸಿ. ಸೇರಿ ಸಸ್ಯಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ. ಭಾವನವರು ಬಿ.ಎ. ಸಾಕು ಎನ್ನುತ್ತಾರೆ. "ನಮ್ಮ ತೋಟದ ಮಲ್ಲಿಗಿ ಬಿಡಿಸಾಕ ಡಿಗ್ರಿ ಬೇಕೇನವ್ವಾ?"

"ಮಗ್ಗಿಗೆ ಹುಳ ಬಿದ್ರ ಔಷಧದ ಅಂಗಡ್ಯಾವನ್ನ ಕೇಳ್ತಿಯಲ್ಲ ದೊಡ್ಡಪ್ಪ, ಮೂರು ವರ್ಷ ತಡಿ, ನನ್ನ ಕೇಳೀಯಂತ" ಎಂದಳು ಮಗಳು.

ಸರಿ, ದೇವರ ಪ್ರಸಾದ ಕೇಳುವುದೆಂದಾಯಿತು. ಪೂಜಾರರು ಸ್ವಾಮಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದರು. ಬಲದ್ದು ಬಿದ್ದರೆ ಬಿ.ಎಸ್ಸಿ., ಎಡದ್ದು ಬಿದ್ದರೆ ಬಿ.ಎ. ಎರಡು ತಾಸು ಕೈಮುಗಿದು ಕುಳಿತರೂ ಒಂದೂ ಬೀಳಲಿಲ್ಲ. ಹಡಗಲಿಯ ಕಾಲೇಜಿಗೆ ಅರ್ಜಿ ಕೊಡಲು ಇವತ್ತೇ ಕಡೆಯ ದಿನ, ಅದೂ ನಾಲ್ಕು ಗಂಟೆಯೊಳಗೆ.

ನಾನು ಸ್ವಾಮಿಗೆ ಅಡ್ಡಬಿದ್ದು ಎದ್ದೆ. "ನಡಿಯವ್ವಾ, ಬಸ್ಸು ಬರೂ ಹೊತ್ತಾತು."

"ದೇವ್ರು ಇನ್ನೂ ಹೇಳಿಲ್ಲ!" ಎಂದು ಭಾವನವರು ಗದರಿದರು.

"ಬ್ಯಾಡ ಅಂತನೂ ಹೇಳಿಲ್ರಿ. ಈಕಿಗೆ ಅಷ್ಟು ಚಲೋ ತಲಿ ಕೊಟ್ಟಾಂವ ಆತನ. ಇನ್ನೇನು ಹೇಳ್ಬೇಕ್ರಿ?"

ಅರ್ಜಿ ಕೊಟ್ಟು ಈಗ ಮನೆಗೆ ಬಂದೆವು. ಭಾವನವರು ಇನ್ನೂ ಗುಡಿಯಲ್ಲೇ ಕುಳಿತಿದ್ದಾರಂತೆ. ಊಟದ ಡಬ್ಬಿ ಕಳಿಸಿದ್ದೇನೆ.